ಎಡಗೈ ಸುತ್ತಿದ ಸುರುಳಿ

ಪುಟ್ಟಿಯ ಕಿವಿಯ ಮೇಲಿನ ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಅಣ್ಣನ ಬಾಯಲ್ಲಿ ಅವಳು ಪುಟ್ಟಿಯೇ. ಕೇಳಿ ಕೇಳಿ ಓಣಿಯವರೂ ಹಾಗೇ ಕರೆಯತೊಡಗಿದ್ದರು. ಬರೀ ಪುಟ್ಟಿ ಎನ್ನಲು ಸಂಕೋಚವಾದವರು ಒಂದು ಅಕ್ಕ ಸೇರಿಸಿ ಪುಟ್ಟಕ್ಕ ಎನ್ನುತ್ತಿದ್ದರು. ಮದುವೆಯಾಗಿ ಹೋದವಳು ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಮರಳಿ ಬಂದಿದ್ದಳು. ಬಂದವಳಿಗೆ ಅಣ್ಣ ಸಮಾಧಾನದ ಮಾತೇನೂ ಹೇಳಲಿಲ್ಲ. ಮನೆಯ ಹಿಂಬದಿಯ ಕೋಣೆಗೆ ಕರೆದುಕೊಂಡು ಹೋಗಿ, ತನ್ನ ಮೇಜಿನ ಎದುರಿಗೆ ಇನ್ನೊಂದು ಮೇಜು ಎಳೆದು ಹಾಕಿ, "ಕೂತ್ಕೋ. ಬೆಸುಗೆ ಹಾಕೋದು ಕಲಿ," ಎಂದಿದ್ದ. ಅಂದು ಕೂತವಳು ಮತ್ತೆ ಆ ಜಾಗ ಬಿಟ್ಟಿರಲಿಲ್ಲ.

ಆ ಕೋಣೆಯಲ್ಲಿ ಅವರು ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಮಾಡುತ್ತಿದ್ದರು. ಗಿಟಾರಿನ ತಂತಿಗಳ ಕೆಳಗೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೊಂದು ಪೆಟ್ಟಿಗೆ ಕೂತಿರುತ್ತದಲ್ಲ, ಅದು. ತಂತಿ ನಡುಗಿದ್ದನ್ನು ಕೇಳಿಸಿಕೊಂಡು ಆಂಪ್ಲಿಫೈಯರಿಗೆ ಮುಟ್ಟಿಸುವ ಕಿವಿ. ಬಿಚ್ಚಿ ನೋಡಿದರೆ ಒಳಗೆ ಮಹಾ ಏನೂ ಇಲ್ಲ. ಎರಡು ಕಪ್ಪು ಫೈಬರ್ ಹಾಳೆ, ಅವುಗಳ ನಡುವೆ ನಿಲ್ಲಿಸಿದ ಅಯಸ್ಕಾಂತದ ಕಡ್ಡಿಗಳು, ಕಡ್ಡಿಗಳ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆಯ ಸಾವಿರಾರು ಸುತ್ತು. ಕಾರ್ಖಾನೆಯಲ್ಲಿ ಇದನ್ನು ಯಂತ್ರವೇ ಗೆರೆ ಎಳೆದ ಹಾಗೆ ಸುತ್ತಿ ಬಿಸಾಕುತ್ತದೆ. ಹಿಂದಿನವರು ಎಳೆಯನ್ನು ಬೆರಳಲ್ಲಿ ಹಿಡಿದು ಸುತ್ತುತ್ತಿದ್ದರು. ಎಳೆ ಅಲ್ಲೊಂದು ಇಲ್ಲೊಂದು ಅಡ್ಡ ಬೀಳುತ್ತಿತ್ತು, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಆ ಅಂಕುಡೊಂಕಿನಲ್ಲೇ ಹಳೇ ಗಿಟಾರುಗಳ ದನಿ ಇದೆ ಎನ್ನುವ ಹುಚ್ಚರಿದ್ದಾರೆ. ಅಣ್ಣ ಅಂಥವರಿಗಾಗಿ ಸುತ್ತುತ್ತಿದ್ದ.

ಹರೆಯದಲ್ಲಿ ಅವನು ವೈಂಡಿಂಗ್ ಅಂಗಡಿಯಲ್ಲಿ ಸುಟ್ಟುಹೋದ ಪಂಪು, ಫ್ಯಾನುಗಳಿಗೆ ಹೊಸ ತಂತಿ ಸುತ್ತುತ್ತಿದ್ದವನು. ಒಂದು ದಿನ ಉದ್ದ ಗಡ್ಡ ಬಿಟ್ಟ ಹುಡುಗನೊಬ್ಬ ಸತ್ತ ಪಿಕಪ್ ತಂದು, "ಇದನ್ನೂ ಸುತ್ತಿ ಕೊಡ್ತೀರಾ?" ಎಂದು ಕೇಳಿದ. ಅಣ್ಣ ಅಂಥದ್ದನ್ನು ಕಂಡೇ ಇರಲಿಲ್ಲ. ಇಲ್ಲ ಎನ್ನಲು ಬಾಯಿ ಬರದೆ ಇಟ್ಟುಕೊಂಡ. ಎಳೆ ಕಡಿದು ಕಡಿದು ಕಣ್ಣಲ್ಲಿ ನೀರು ಬಂದರೂ ಬಿಡದೆ ಸುತ್ತಿದ. ಅದು ಹಾಡಿತು. ಗಡ್ಡದವನು ತನ್ನಂಥವರನ್ನೆಲ್ಲ ಹಿಂದೆ ಕಟ್ಟಿಕೊಂಡು ಬಂದ. ಆಮೇಲೆ ಅಣ್ಣ ಹೊಲಿಗೆ ಯಂತ್ರದ ಮೋಟಾರು ತಂದು ಸುತ್ತುವ ಯಂತ್ರವನ್ನು ತಾನೇ ಕಟ್ಟಿಕೊಂಡ. ಕಾಲಡಿಗೆ ಪೆಡಲು, ಪಕ್ಕದಲ್ಲಿ ಹಿಂದೆ ಮುಂದೆ ತಿರುಗಿಸಲು ಒಂದು ಸ್ವಿಚ್ಚು. ಸ್ವಿಚ್ಚು ಹಾಕಿದ್ದಷ್ಟೇ, ಅವನು ಅದನ್ನು ಹಿಂದೆ ತಿರುಗಿಸಿದ್ದನ್ನು ಪುಟ್ಟಿ ನೋಡಿರಲಿಲ್ಲ.

ಸುತ್ತುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಪುಟ್ಟಿಯ ಕೆಲಸ. ಹಾಳೆ ಕತ್ತರಿಸುವುದು, ಕಡ್ಡಿ ಕೂರಿಸುವುದು, ಸುತ್ತಿದ ಸುರುಳಿಗೆ ಬಿಳಿ ಕಪ್ಪು ವೈರು ಬೆಸೆಯುವುದು, ಮೀಟರ್ ಹಿಡಿದು ಜೀವ ಇದೆಯೇ ನೋಡುವುದು, ಕರಗಿಸಿದ ಮೇಣದಲ್ಲಿ ಅದ್ದುವುದು. ಸುತ್ತುವುದನ್ನು ಕಲಿಸು ಎಂದು ಒಮ್ಮೆ ಕೇಳಿದ್ದಳು.

"ನಿಂದು ಎಡಗೈ. ಈ ಯಂತ್ರ ಬಲಗೈಯೋರ್ದು," ಎಂದಿದ್ದ ಅಣ್ಣ. "ನಿನ್ನ ಕೂರಿಸ್ಬೇಕು ಅಂದ್ರೆ ಯಂತ್ರ ತಿರುಗಿಸ್ಬೇಕು, ಗೋಡೇನೇ ಆಚೆ ಸರಿಸ್ಬೇಕು."

ಅಲ್ಲಿಗೆ ಆ ಮಾತು ಮುಗಿದಿತ್ತು. ಅವಳಿಗೂ ಬೇಜಾರಿರಲಿಲ್ಲ. ಎದುರಿಗೆ ಅಣ್ಣ ಕೂತು ಸುತ್ತುತ್ತಿದ್ದರೆ ಸಾಕಿತ್ತು.

ಆಮೇಲೆ ಅಣ್ಣನ ಬಲಗೈ ನಡುಗಲು ಶುರುವಾಯಿತು. ಮೊದಲು ಹೆಬ್ಬೆರಳೊಂದೇ, ಯಾರನ್ನೋ ಕರೆಯುವ ಹಾಗೆ ತನ್ನಷ್ಟಕ್ಕೆ ಆಡುತ್ತಿತ್ತು. ನಂತರ ಇಡೀ ಕೈ. ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ, ಮಾತ್ರೆಯಿಂದ ಸ್ವಲ್ಪ ನಿಧಾನವಾಗಬಹುದು ಅಷ್ಟೇ, ಎಂದು ಡಾಕ್ಟರು ಅತ್ತಿಗೆಗೆ ಹೇಳಿದ್ದರು. ಅಣ್ಣ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎಳೆ ಕಡಿದರೆ, "ಈಗಿನ ತಾಮ್ರ ತಾಮ್ರವೇ ಅಲ್ಲ," ಎಂದು ಗೊಣಗಿ, ನಡುಗುವ ಬೆರಳಲ್ಲೇ ಕಡಿದ ತುದಿಗಳನ್ನು ಹೊಸೆದು ಮುಂದೆ ಸುತ್ತುತ್ತಿದ್ದ. ಹೊರಗಿನಿಂದ ಸುರುಳಿ ನುಣ್ಣಗೆ, ಮುದ್ದಾಗಿ ಕಾಣುತ್ತಿತ್ತು. ಒಳಗೆಲ್ಲೋ ಗಂಟು ಬಿಟ್ಟುಕೊಂಡಿರುತ್ತಿತ್ತು.

ಅಂಥ ಮೊದಲನೆಯ ಸುರುಳಿಗೆ ಮೀಟರ್ ಹಿಡಿದಾಗ ಮುಳ್ಳು ಅಲುಗಲೇ ಇಲ್ಲ. ಪುಟ್ಟಿ ಹೇಳಲೆಂದು ತಲೆಯೆತ್ತಿದಳು. ಅಣ್ಣ ಎದುರಿನ ಮೇಜಿನಿಂದ ಅವಳ ಮುಖವನ್ನೇ ನೋಡುತ್ತಿದ್ದ. ಫಲಿತಾಂಶ ಕೇಳಲು ನಿಂತ ಮಗುವಿನ ಮುಖ.

"ಹೇಗಿದೆ?" ಎಂದ.

"ಚೆನ್ನಾಗಿದೆ," ಎಂದುಬಿಟ್ಟಳು.

ಒಮ್ಮೆ ಅಂದ ಮೇಲೆ ಹಿಂದೆ ಬರಲು ದಾರಿಯಿರಲಿಲ್ಲ. ಊಟವಾದ ಮೇಲೆ ಮಾತ್ರೆಯ ಮಂಪರಿನಲ್ಲಿ ಅಣ್ಣ ಮಲಗುತ್ತಿದ್ದ. ಆ ಹೊತ್ತಿಗೆ ಪುಟ್ಟಿ ಅವನ ಜಾಗದಲ್ಲಿ ಕೂತಳು. ಬಲಗೈಗೆ ಹೊಂದುವಂತೆ ಯಂತ್ರದ ಮೂತಿ ಬಲಕ್ಕಿತ್ತು. ಅದನ್ನು ಎತ್ತಿ ಎಡಕ್ಕೆ ತಿರುಗಿಸಿದಳು. ಆಗ ಎಳೆ ಸುತ್ತಿಕೊಳ್ಳುವ ಬಾಬಿನ್ ಅವಳ ಕಡೆಗೆ ಉರುಳತೊಡಗಿತು. ಅಣ್ಣನಿಗೆ ಉರುಳುವ ಹಾಗೆ ಆಚೆಗೇ ಉರುಳಲೆಂದು ಸ್ವಿಚ್ಚನ್ನೂ ಹಿಂದಕ್ಕೆ ಹಾಕಿದಳು. ಕನ್ನಡಿಯಲ್ಲಿ ಕಂಡ ಅಣ್ಣನ ಹಾಗೆ ಕೂತು, ಎಡಗೈ ಬೆರಳಲ್ಲಿ ಎಳೆ ಹಿಡಿದು, ಉಸಿರು ಬಿಗಿಹಿಡಿದು ಪೆಡಲು ಒತ್ತಿದಳು. ವಾರಗಟ್ಟಲೆ ಬರೀ ಕಡಿಯಿತು. ಬೆರಳು ಪಳಗಿದ ಮೇಲೆ ಅಣ್ಣನ ಸತ್ತ ಸುರುಳಿಗಳನ್ನು ಬಿಚ್ಚಿ, ಅದೇ ಹಾಳೆ ಅದೇ ಕಡ್ಡಿಗಳಿಗೆ ಹೊಸ ಎಳೆ ಸುತ್ತಿ, ಅಣ್ಣನವೆಂದೇ ಗಿರಾಕಿಗಳಿಗೆ ಕಳಿಸಿದಳು. ಅವನು ಏಳುವುದರೊಳಗೆ ಸ್ವಿಚ್ಚು ಮುಂದಕ್ಕೆ, ಯಂತ್ರ ತನ್ನ ಕಾಲಿನ ಗುರುತಿನ ಮೇಲೆ.

ಒಂದು ಮಧ್ಯಾಹ್ನ ಅತ್ತಿಗೆ ಚಹಾ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.

"ಏನೇ ಇದು? ಯಂತ್ರಾನ ಹಿಂದುಮುಂದು ಮಾಡ್ಕೊಂಡು ಕೂತಿದ್ದೀಯ?"

"ಮೆಲ್ಲಗೆ ಅತ್ತಿಗೆ. ಅಣ್ಣ ಎದ್ದಾನು."

"ಎದ್ರೆ ಏಳ್ಲಿ. ಅವ್ರು ಬೆಳಿಗ್ಗೆ ಸುತ್ತಿದ್ದೆಲ್ಲಿ?"

ಪುಟ್ಟಿ ಗಲ್ಲದಲ್ಲೇ ಮೇಜಿನ ಕೆಳಗೆ ತೋರಿಸಿದಳು. ಡಬ್ಬದ ತುಂಬ ಸಿಕ್ಕುಸಿಕ್ಕಾದ ತಾಮ್ರದ ಉಂಡೆಗಳು.

"ಎಲ್ಲಾನೂ?"

"ಎಲ್ಲಾನೂ."

ಅತ್ತಿಗೆ ಒಳಗೆ ಬಂದು ಡಬ್ಬವನ್ನು ಕಾಲಲ್ಲಿ ಇನ್ನಷ್ಟು ಹಿಂದಕ್ಕೆ ತಳ್ಳಿದಳು. "ಹೇಳ್ಬಿಡೇ. ಎಷ್ಟು ದಿನ ಅಂತ ಈ ಕಣ್ಣಾಮುಚ್ಚಾಲೆ? ಗೊತ್ತಾದ್ರೆ ನಿನ್ನ ನುಂಗಿ ನೀರು ಕುಡೀತಾರೆ."

"ನೀವೇ ಹೇಳಿ ನೋಡೋಣ. ಗಂಡ ನಿಮ್ಮೋರು."

"ನನಗ್ಯಾಕಮ್ಮ ಆ ಪಾಪ? ಬೆಳಿಗ್ಗೆ ಎದ್ದು ಗಡ್ಡ ಕೆರೆದು ಹಿಂದಿನ ಕೋಣೆಗೆ ಹೋಗ್ತಾರೆ. ಅದೂ ಇಲ್ದಿದ್ರೆ ಆ ಮನುಷ್ಯ ಯಾತಕ್ಕೆ ಎದ್ದಾರು?" ಅತ್ತಿಗೆ ಲೋಟ ಇಟ್ಟಳು. "ಎದ್ರೂ ಮನೇಲಿ ಕೂತು ನನ್ನ ತಲೆ ತಿಂದಾರು, ಅಷ್ಟೇ."

ಇಬ್ಬರೂ ನಕ್ಕರು, ಬಾಯಿಗೆ ಸೆರಗು ಅಡ್ಡ ಹಿಡಿದು. ಅಣ್ಣ ಬೆಳಿಗ್ಗೆ ಎದ್ದು ಹಿಂದಿನ ಕೋಣೆಗೆ ಬರಬೇಕು. ಪುಟ್ಟಿಗೆ ಬೇಕಾಗಿದ್ದು ಅದೊಂದೇ. ಅದಕ್ಕಾಗಿ ಅವಳು ಸುಳ್ಳಿಗೆ ಉಪ್ಪು ಖಾರವನ್ನೂ ಹಚ್ಚತೊಡಗಿದಳು. ದಿನವೂ ಚೆನ್ನಾಗಿದೆ ಎಂದರೆ ಅನುಮಾನ ಬಂದೀತೆಂದು ಆಗೊಮ್ಮೆ ಈಗೊಮ್ಮೆ ಹುಬ್ಬು ಗಂಟಿಕ್ಕಿ, "ಇದು ಯಾಕೋ ಸ್ವಲ್ಪ ಸಡಿಲ ಆಯ್ತೇನೋ ಅಣ್ಣ," ಎನ್ನುತ್ತಿದ್ದಳು. ಅಣ್ಣ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಗಡ್ಡದವನು ಬಂದದ್ದು ಒಂದು ಬೆಳಿಗ್ಗೆ, ಗಿಟಾರಿನ ಚೀಲ ಹೆಗಲಿಗೆ ಹಾಕಿಕೊಂಡು. ಗಡ್ಡವೂ ಈಗ ನರೆತಿತ್ತು. ಅವನ ಗಿಟಾರಿನಲ್ಲಿ ಇದ್ದ ಎರಡೂ ಪಿಕಪ್ಪು ಅಣ್ಣ ಹಿಂದೆಂದೋ ಸುತ್ತಿದ್ದವು. ಒಂದು ಸತ್ತಿದ್ದರಿಂದ ಈಚೆಗೆ ಹೊಸದೊಂದನ್ನು ತರಿಸಿಕೊಂಡು ಹಾಕಿದ್ದ.

"ಗುರುಗಳೇ, ಒಂದು ವಿಚಿತ್ರ ಕೇಳಿ. ಹೊಸದು ಒಂದನ್ನೇ ಹಾಕಿ ಬಾರಿಸಿದ್ರೆ, ನಿಮ್ಮಾಣೆ, ಇಷ್ಟು ವರ್ಷದಲ್ಲಿ ನೀವು ಇಂಥದ್ದು ಸುತ್ತಿಲ್ಲ."

ಅಣ್ಣನ ಮುಖ ಅರಳಿತು. ನಡುಗುವ ಕೈಯನ್ನು ಇನ್ನೊಂದು ಕೈಯಡಿ ಬಚ್ಚಿಟ್ಟುಕೊಂಡು, "ಸಾಕು ಬಿಡೋ, ಹೊಗಳಿ ಅಟ್ಟಕ್ಕೇರಿಸ್ಬೇಡ. ವಿಚಿತ್ರ ಏನು ಹೇಳು," ಎಂದ.

"ಹಳೇದು ಒಂದೇ ಹಾಕಿದ್ರೂ ಚಿನ್ನ. ಎರಡನ್ನೂ ಒಟ್ಟಿಗೆ ಹಾಕಿದ್ರೆ ನೋಡಿ."

ಮೂಲೆಯ ಆಂಪಿಗೆ ವೈರು ಸಿಕ್ಕಿಸಿ ಬಾರಿಸಿದ. ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ ತೆಳ್ಳಗಿನ, ಪೊಳ್ಳು ಸದ್ದು. ಹೊಟ್ಟೆಯೇ ಇಲ್ಲದ ದನಿ.

ಅಣ್ಣ ನಕ್ಕ. "ಒಂದನ್ನೊಂದು ತಿಂದುಹಾಕ್ತಾ ಇವೆ. ಬಿಳಿ ಕಪ್ಪು ಅದಲುಬದಲು ಮಾಡಿದ್ದೀಯ ಮಾರಾಯ."

"ಇಲ್ಲ ಗುರುಗಳೇ. ಪುಟ್ಟಕ್ಕ ಬೆಸೆದು ಕೊಟ್ಟ ಹಾಗೇ ಹಾಕಿದ್ದೀನಿ. ನೀವೇ ನೋಡಿ."

ಎರಡನ್ನೂ ಬಿಚ್ಚಿ ಮೇಜಿನ ಮೇಲಿಟ್ಟರು. ಅಣ್ಣ ಭೂತಗನ್ನಡಿ ಕೇಳಿದ. ಹಳೆಯದರಲ್ಲಿ ಎಳೆ ಎಲ್ಲಿಂದ ಹೊರಟು ಯಾವ ಕಡೆಗೆ ತಿರುಗಿದೆ ಎಂದು ನೋಡಿದ. ಆಮೇಲೆ ಹೊಸದರ ಮೇಲೆ ಬಗ್ಗಿದ. ಅಲ್ಲೇ ಇದ್ದುಬಿಟ್ಟ.

ಪುಟ್ಟಿಗೆ ಆಗ ಹೊಳೆಯಿತು. ಕನ್ನಡಿಯಲ್ಲಿ ಕಂಡ ಅಣ್ಣನ ಹಾಗೆ ಕೂತವಳು, ಕನ್ನಡಿಯಲ್ಲಿ ಕಂಡ ಹಾಗೇ ಸುತ್ತಿದ್ದಳು. ಅವಳ ಸುರುಳಿಗಳೆಲ್ಲ ತಿರುಗುಮುರುಗು. ಒಂದೊಂದನ್ನೇ ಮೀಟರ್ ಹಿಡಿದು ನೋಡಿದರೆ ಅದು ಗೊತ್ತಾಗುವುದಿಲ್ಲ. ಜೋಡಿಯಾಗಿ ಹೋದವೂ ತಮ್ಮತಮ್ಮಲ್ಲಿ ಹೊಂದಿಕೊಂಡಿದ್ದವು. ಅಣ್ಣ ನಿಜವಾಗಿ ಸುತ್ತಿದ್ದೊಂದರ ಪಕ್ಕ ಅವಳದೊಂದು ಕೂತದ್ದು ಇದೇ ಮೊದಲು.

ಅಣ್ಣ ಭೂತಗನ್ನಡಿ ಕೆಳಗಿಟ್ಟ. ಅವನ ಕಣ್ಣು ಯಂತ್ರದ ಸ್ವಿಚ್ಚಿಗೆ ಹೋಯಿತು, ಅಲ್ಲಿಂದ ಅವಳ ಎಡಗೈಗೆ. ಪುಟ್ಟಿ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು.

"ಏನಾಗಿದೆ ಗುರುಗಳೇ?"

"ಏನಿಲ್ಲ. ನಾನೇ ಸ್ವಿಚ್ಚು ಉಲ್ಟಾ ಹಾಕ್ಕೊಂಡು ಸುತ್ತಿದ್ದೀನಿ," ಎಂದ ಅಣ್ಣ. ದನಿ ಎಂದಿನಂತೆಯೇ ಇತ್ತು. "ವಯಸ್ಸಾಯ್ತಲ್ಲೋ. ಪುಟ್ಟಿ, ಇದರ ಬಿಳಿ ಕಪ್ಪು ಅದಲುಬದಲು ಮಾಡಿ ಬೆಸೆದು ಕೊಡು. ಸರಿಹೋಗುತ್ತೆ."

ಎಂದೂ ತಪ್ಪದ ಅವಳ ಬೆಸುಗೆ ಅಂದು ಎರಡು ಸಲ ಜಾರಿತು. ಮತ್ತೆ ಕೂರಿಸಿ ಬಾರಿಸಿದಾಗ ಎರಡೂ ಒಂದಾಗಿ ಕೋಣೆ ತುಂಬುವಂತೆ ಹಾಡಿದವು. ಗಡ್ಡದವನು ತಲೆ ಕುಣಿಸಿದ. "ಉಲ್ಟಾ ಸುತ್ತಿದ್ರೂ ಗುರುಗಳ ಕೈ ಗುರುಗಳ ಕೈಯೇ! ಏನಂತೀರಿ ಪುಟ್ಟಕ್ಕ?"

ಪುಟ್ಟಕ್ಕ ಮೇಣದ ಪಾತ್ರೆಯನ್ನು ಕಾಯಲು ಇಟ್ಟಳು. ಅವನು ಹೋದ ಮೇಲೆ ಕೋಣೆಯಲ್ಲಿ ಮೇಣ ಕಾಯುವ ಸದ್ದೊಂದೇ ಉಳಿಯಿತು.

"ಯಾವಾಗಿಂದ?" ಎಂದ ಅಣ್ಣ.

"ಬೇಸಗೆಯಿಂದ."

"ನಂದು ಒಂದೂ ಹೋಗಿಲ್ವಾ?"

ಅವಳು ತಲೆ ತಗ್ಗಿಸಿದಳು.

"ಎಲ್ಲಿಟ್ಟಿದ್ದೀಯ?"

"ಕಡ್ಡಿ, ಹಾಳೆ ಬಿಚ್ಚಿ ಮತ್ತೆ ಹಾಕ್ದೆ. ಎಳೆ... ಗುಜರಿಯವನಿಗೆ ಕೊಟ್ಟೆ."

"ಹ್ಞೂಂ. ಸಾಮಾನು ದಂಡ ಆಗ್ಬಾರ್ದು." ಅಣ್ಣ ತನ್ನ ಬಲಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡಿದ. ಅದು ತನ್ನಷ್ಟಕ್ಕೆ ಆಡುತ್ತಿತ್ತು. "ಚೆನ್ನಾಗಿದೆ ಅಂದಿದ್ದು ಇರ್ಲಿ ಪುಟ್ಟಿ. ಸಡಿಲ ಆಯ್ತೇನೋ ಅಂತ ಬೇರೆ ಅಂತಿದ್ಯಲ್ಲ. ನಾನು ಅದನ್ನೇ ಯೋಚಿಸ್ತಾ ಮಲಗ್ತಿದ್ದೆ. ಮಾರನೇ ದಿನ ಬಿಗಿ ಹಿಡೀತಿದ್ದೆ."

"ಅಣ್ಣ, ನೀನು ಬರೋದು ಬಿಟ್ಟುಬಿಡ್ತೀಯ ಅಂತ..."

ಅವನು ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೇನೋ. ಅವನು ಬೈಯಲಿಲ್ಲ. ಮೇಜಿಗೆ ಕೈಯೂರಿ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದ.

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮುಂದಿನ ಕೋಣೆಯ ಕುರ್ಚಿಯಲ್ಲಿ ಬೀದಿಗೆ ಮುಖ ಮಾಡಿ ಕೂತಿರುತ್ತಿದ್ದ. ಗಡ್ಡ ಬೆಳೆಯಿತು. "ಹೋಗಿ ಒಂದು ಗಳಿಗೆ ಕೂತು ಬನ್ನಿ," ಎಂದು ಅತ್ತಿಗೆ ಗೋಗರೆದರೆ, "ಕೂರೋಕೆ ಇಲ್ಲಿ ಕುರ್ಚಿ ಇಲ್ವಾ?" ಎನ್ನುತ್ತಿದ್ದ. ಪುಟ್ಟಿಯ ಮೇಲೆ ಮುನಿಸು ಅಂತ ಏನೂ ಕಾಣುತ್ತಿರಲಿಲ್ಲ. ಎದುರಾದರೆ ಊಟ ಆಯ್ತಾ ಎನ್ನುತ್ತಿದ್ದ. ದೂರದ ನೆಂಟರನ್ನು ಕೇಳುವ ಹಾಗೆ.

ಯಂತ್ರವನ್ನು ಈಗ ಹಗಲೆಲ್ಲ ಎಡಕ್ಕೇ ಇಟ್ಟುಕೊಳ್ಳಬಹುದಿತ್ತು. ಪುಟ್ಟಿ ಒಬ್ಬಳೇ ಸುತ್ತಿದಳು. ಎದುರಿನ ಮೇಜಿನಿಂದ ಯಾರೂ ಹೇಗಿದೆ ಎಂದು ಕೇಳಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ನಿಜವಾದ ತೊಂದರೆಯೊಂದು ಬಂತು. ಹೊಸದಾಗಿ ಸುತ್ತಿದ್ದವು ಆಂಪಿನ ಎದುರು ಹಿಡಿದರೆ ಕೀಂ ಎಂದು ಕಿರುಚತೊಡಗಿದವು. ಮೇಣ ಒಳಗಿನ ತನಕ ಇಳಿಯದಿದ್ದರೆ ಹಾಗಾಗುತ್ತದೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಮೇಣ ಬದಲಾಯಿಸಿದಳು, ಬಿಸಿ ಹೆಚ್ಚಿಸಿದಳು, ಹೆಚ್ಚು ಹೊತ್ತು ಮುಳುಗಿಸಿದಳು. ಕಿರುಚುವುದು ನಿಲ್ಲಲಿಲ್ಲ. ಪುಟ್ಟಿಗೆ ಚಿಂತೆಯಾಗಬೇಕಾದ ಜಾಗದಲ್ಲಿ ಒಂದು ಬಗೆಯ ಹಿಗ್ಗಾಯಿತು. ಅಣ್ಣನನ್ನು ಕೇಳಲೇಬೇಕಾದ ಮಾತೊಂದು ಕೊನೆಗೂ ಸಿಕ್ಕಿತ್ತು.

ಪಿಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದಿನ ಕೋಣೆಗೆ ಹೋದಳು.

"ಅಣ್ಣ, ಇದು ಕಿರುಚ್ತಾ ಇದೆ. ಏನು ಮಾಡಿದ್ರೂ ನಿಲ್ತಿಲ್ಲ. ಒಂದ್ಸಲ ಬಂದು ನೋಡ್ತೀಯಾ?"

ಅಣ್ಣ ಬೀದಿಯಿಂದ ಕಣ್ಣು ತೆಗೆದು ಅವಳ ಮುಖ ನೋಡಿದ. ಕೈಯಲ್ಲಿದ್ದದ್ದನ್ನು ನೋಡಲೇ ಇಲ್ಲ.

"ನಿಂಗೆ ಗೊತ್ತಿರುತ್ತೆ ಕಣೇ."

"ಇಲ್ಲ ಅಣ್ಣ. ಆಣೆ ಮಾಡಿ ಹೇಳ್ತೀನಿ, ನಂಗೆ ತಿಳೀತಿಲ್ಲ."

"ಸಡಿಲ ಆಯ್ತೇನೋ ಅಂದಾಗ್ಲೂ ನಿನ್ನ ಮುಖ ಹೀಗೇ ಇರ್ತಿತ್ತು," ಎಂದ ಅವನು, ಮೆಲ್ಲಗೆ, ನೋವಾಗಬಾರದೆಂಬಂತೆ. "ಹುಬ್ಬು ಹೀಗೇ ಗಂಟಿಕ್ತಿದ್ದೆ. ಹೋಗು ಪುಟ್ಟಿ. ನನ್ನ ಎಬ್ಬಿಸೋಕೆ ಇಷ್ಟೆಲ್ಲ ಮಾಡ್ಬೇಡ."

ಅವಳು ಏನೋ ಹೇಳಲು ಬಾಯಿ ತೆರೆದಳು. ಯಾವ ಮಾತು ಆಡಿದರೂ ಅದು ಹಳೆಯ ಸುಳ್ಳಿನ ಹಾಗೇ ಕೇಳಿಸುತ್ತದೆ ಎಂದು ತೆರೆದ ಮೇಲೆ ಗೊತ್ತಾಯಿತು.

ಹಿಂದಿನ ಕೋಣೆಗೆ ಬಂದು ಪಿಕಪ್ಪಿಗೆ ವೈರು ಸಿಕ್ಕಿಸಿ ಆಂಪಿನ ಎದುರು ಇಟ್ಟಳು. ಅದು ಕಿರುಚಿತು. ದನಿ ಏರಿಸುವ ಗುಂಡಿಯನ್ನು ಇನ್ನೂ ತಿರುಗಿಸಿದಳು. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಸುಳ್ಳಲ್ಲ ಅಣ್ಣ, ಕೇಳು, ಎಂಬಂತೆ ಅದನ್ನು ಕಿರುಚಲು ಬಿಟ್ಟು, ಬಾಗಿಲ ಕಡೆ ನೋಡುತ್ತ ನಿಂತಳು. ಹಜಾರದಲ್ಲಿ ಹೆಜ್ಜೆ ಕೇಳಿಸಿತು.

ಬಂದವಳು ಅತ್ತಿಗೆ. ಎರಡೂ ಕಿವಿ ಮುಚ್ಚಿಕೊಂಡಿದ್ದಳು.

"ಆರಿಸೇ ಅದನ್ನ," ಎಂದಳು. "ಅವ್ರು ಎದ್ದು ಬಾಗ್ಲು ಹಾಕ್ಕೊಂಡ್ರು."