ಕಮಾಲುದ್ದೀನ್ ಸಾಹೇಬರ ಸೋಸುವ ಬಟ್ಟೆ

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಚಿಕ್ಕಂದಿನಿಂದ ಚಾ ಕುದಿಸುತ್ತ ಬಂದ ಕಮಾಲುದ್ದೀನ್ ಸಾಹೇಬರು ಈಗ ತಮ್ಮ ಅಂಗಡಿಯ ಚಾ ತಾವೇ ಕುಡಿಯುವ ಹಾಗಿಲ್ಲ. ಸಕ್ಕರೆ ಕಾಯಿಲೆ. ಡಾಕ್ಟರು ಹಾಲೂ ಬೇಡ, ಸಕ್ಕರೆಯೂ ಬೇಡ ಎಂದಿದ್ದರು. ಸೊಸೆ ಸುಮಯ್ಯ ಸ್ಟ್ರಾಬೆರಿ ಪರಿಮಳದ ಗ್ರೀನ್ ಟೀ ಎಲೆ ತಂದುಕೊಟ್ಟು, ಮಾಡುವ ಕ್ರಮವನ್ನೂ ಹೇಳಿದಳು.

“ನೀರು ಕುದಿದ ಮೇಲೆ ಒಲೆ ಆರಿಸಿ, ಮಾವ. ಬಿಸಿ ಸ್ವಲ್ಪ ಇಳಿಯಲಿ. ಆಮೇಲೆ ಒಂದು ಚಮಚ ಎಲೆ ಹಾಕಿ, ಮುಚ್ಚಿ, ಎರಡು ಮೂರು ನಿಮಿಷ ಬಿಟ್ಟು ಸೋಸಿ. ಹೆಚ್ಚು ಬಿಟ್ಟರೆ ಕಹಿಯಾಗ್ತದೆ.”

ಒಲೆ ಆರಿಸಿ ಚಾ ಮಾಡುವುದೆಂದರೆ ಸ್ನಾನ ಮುಗಿಸಿ ನೀರು ಕಾಯಿಸಿದ ಹಾಗೆ ಎಂದು ಗೊಣಗುತ್ತಲೇ ಸಾಹೇಬರು ಹೇಳಿದಷ್ಟೂ ಮಾಡಿದರು. ಕುಡಿದರೆ ಸ್ಟ್ರಾಬೆರಿಯ ಸುಳಿವೇ ಇಲ್ಲ.

“ಎಂತ ಮೋಸದ ಮಾಲು ತಂದೆ ಮಾರಾಯ್ತಿ?”

ಸುಮಯ್ಯ ಒಲೆಯ ಪಕ್ಕ ನೋಡಿದಳು. ಸೋಸಿ ಉಳಿದ ಎಲೆ, ಅಂಗಡಿಯ ಸೋಸುವ ಬಟ್ಟೆಯಲ್ಲಿತ್ತು. ಹಾಲಿನ ಚಾ ಸೋಸಿ ಸೋಸಿ ಅಡಿಕೆ ಬೇಯಿಸಿದ ಚೊಗರಿನ ಕಂದು ಬಣ್ಣಕ್ಕೆ ತಿರುಗಿದ ಬಟ್ಟೆ ಅದು. ಎಷ್ಟು ತೊಳೆದರೂ ಆ ಚಾದ ವಾಸನೆ ಬಿಡುವುದಿಲ್ಲ. ಅವಳು ಅಂಗಡಿಯ ಹಿಂದಿನ ಮನೆಯಿಂದ ಸ್ಟೀಲ್ ಜರಡಿ ತಂದು ಇನ್ನೊಂದು ಲೋಟ ಮಾಡಿಕೊಟ್ಟಳು. ಈ ಸಲ ಸ್ಟ್ರಾಬೆರಿ ಘಮ್ಮೆಂದಿತು.

ಒಂದು ಗುಟುಕಿಗೇ ಸಾಹೇಬರು ಮುಖ ಕಿವುಚಿದರು. ಮಕ್ಕಳ ಟೂತ್‌ಪೇಸ್ಟ್ ಕದಡಿಕೊಟ್ಟ ಹಾಗಿತ್ತು. ಅದನ್ನು ಪಕ್ಕಕ್ಕಿಟ್ಟು, ಬಟ್ಟೆಯಲ್ಲಿ ಸೋಸಿದ್ದ ಮೊದಲಿನ ಲೋಟವನ್ನೇ ಎತ್ತಿಕೊಂಡರು.

“ಮತ್ತೆ ಅದನ್ನೇ ಕುಡೀತೀರಲ್ಲ, ಮಾವ.”

“ಡಾಕ್ಟರು ಹಾಲು ಬೇಡ ಅಂದ್ರು, ಬಿಟ್ಟೆ. ಸಕ್ಕರೆ ಬೇಡ ಅಂದ್ರು, ಬಿಟ್ಟೆ. ಬಟ್ಟೆ ಬೇಡ ಅಂತ ಎಲ್ಲಾದ್ರೂ ಹೇಳಿದ್ದುಂಟಾ?”