ಕ್ಯಾರಿ ಆನ್ ಅಂದವನು ನಾನು

ನನಗೆ ಚೆನ್ನಾಗಿ ಬರುವ ಇಂಗ್ಲಿಷ್ ಎರಡೇ ಪದ. ಆ ಎರಡು ಪದದಿಂದಲೇ ನನ್ನ ತಮ್ಮನ ಕಾಲು ಮುರಿದೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. (ಅಂಕಣ ಬರೆಯುವಷ್ಟು ಕನ್ನಡ ಹೇಗೆ ಬಂತು ಎನ್ನುತ್ತೀರಾ? ಅಂಗಡಿ ಸಾಮಾನು ಕಟ್ಟಿ ಕೊಡುವ ಹಳೆಯ ಪತ್ರಿಕೆಗಳೇ ನನ್ನ ಮೇಷ್ಟ್ರು.) ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ ಮೇಸ್ತ್ರಿಯಾದಾಗ ದೊರೆಗಳ ಬಾಯಿಂದ ಕಲಿತದ್ದು ‘ಕ್ಯಾರಿ ಆನ್’. ಅಂದರೆ, ಮಾಡುತ್ತಿರುವುದನ್ನು ಮುಂದುವರಿಸು. ಎಷ್ಟು ಸಲೀಸು! ಗುಂಡಿ ತೋಡುವವರಿಗೆ ಕ್ಯಾರಿ ಆನ್. ಹಣ್ಣು ಕುಯ್ಯುವವರಿಗೆ ಕ್ಯಾರಿ ಆನ್. ರೊಟ್ಟಿ ತಟ್ಟುತ್ತಿದ್ದ ಹೆಂಡತಿಗೂ ಒಮ್ಮೆ ಅಂದೆ. “ನೀವ್ ಹೇಳ್ದಿದ್ರೆ ನಿಲ್ಲಿಸ್ತಿದ್ನಾ?” ಅಂದಳು.

ಅದು ಮರಗಸಿಯ ಕಾಲ. ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಹತ್ತುವ ಮೊದಲು ಹಗ್ಗವನ್ನು ಕೆಳಗಿನ ಕೊಂಬೆಗೆ ಕಟ್ಟಿ ಇಬ್ಬರು ಜೋತುಬಿದ್ದು ನೋಡಬೇಕು. ಅದು ಪದ್ಧತಿ. ತಮ್ಮ ಸಣ್ಣಪ್ಪ ಹಗ್ಗ ಎತ್ತಿ ತೋರಿಸಿದ.

“ಅಣ್ಣ, ಇಲ್ಲಿ ಸವೆದೈತೆ ಕಣೋ. ಜೋತು ನೋಡಾನ ಬಾ.”

ಅಷ್ಟರಲ್ಲಿ ದೊರೆಗಳ ಜೀಪು ತಿರುವಿನಲ್ಲಿ ಕಂಡಿತು. ಆಳು ಸುಮ್ಮನೆ ನಿಂತದ್ದು ಅವರ ಕಣ್ಣಿಗೆ ಬಿದ್ದರೆ? ಹಗ್ಗದ ಕಡೆ ತಿರುಗಿಯೂ ನೋಡದೆ “ಕ್ಯಾರಿ ಆನ್!” ಎಂದೆ.

ಹತ್ತಿದ. ಬಿದ್ದ.

ಯಾರು ಹತ್ತಲು ಹೇಳಿದ್ದು ಎಂದು ದೊರೆಗಳು ಕೇಳಿದರು. “ಹೇಳ್ದೆ ಕೇಳ್ದೆ ಹತ್ಬುಟ್ಟ ಸಾರ್” ಎಂದೆ. ನೆಲದ ಮೇಲಿದ್ದ ತಮ್ಮ ನನ್ನನ್ನು ನೋಡಿದ. ಬಾಯಿ ಬಿಡಲಿಲ್ಲ.

ದೊರೆಗಳು ‘ಕ್ಯಾರಿ ಆನ್’ ಅನ್ನುವ ಮೊದಲು ಏನು ಮಾಡುತ್ತಿದ್ದರು? ಬಗ್ಗಿ ಗುಂಡಿಯ ಆಳ ನೋಡುತ್ತಿದ್ದರು. ಕುಕ್ಕೆಗೆ ಕೈ ಹಾಕಿ ಹಣ್ಣು ನೋಡುತ್ತಿದ್ದರು. ನೋಡಿದ ಮೇಲೆ ಹೇಳುವ ಮಾತು ಅದು. ನಾನು ಮಾತನ್ನಷ್ಟೇ ಕಲಿತೆ.

ಆರು ವರ್ಷವಾಯಿತು. ಸಣ್ಣಪ್ಪ ಈಗ ಸ್ಟೋರಿನಲ್ಲಿ ಕೂತು ಹಗ್ಗ ಹೊಸೆಯುತ್ತಾನೆ. ಹೋದ ವಾರ, ಹೊಸದಾಗಿ ಮರ ಹತ್ತಲು ಬಂದ ಆಳುಗಳಿಗೆ ಹಗ್ಗ ಕೊಡುತ್ತ ಸೊಟ್ಟಗಾದ ಕಾಲು ಚಾಚಿ ತೋರಿಸಿದ. “ಮೇಸ್ತ್ರಿನ ಕೇಳ್ದೆ ಹತ್ಬ್ಯಾಡ್ರಪ್ಪ. ನಾನು ಹಂಗೆ ಹತ್ತಿ ಹಿಂಗಾದೆ ನೋಡ್ರಿ.”

ನಾನು ಬಾಗಿಲಲ್ಲೇ ಇದ್ದೆ. ಅಲ್ಲ ಕಣೋ, ನೀನು ಕೇಳಿದ್ದೆ ಅನ್ನಲು ಎಷ್ಟು ಹೊತ್ತು ಬೇಕು? ಅನ್ನಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಸಣ್ಣಪ್ಪನಿಗೆ ಓದು ಬರುವುದಿಲ್ಲ. ಪ್ರತಿ ವಾರ ಈ ಅಂಕಣವನ್ನು ಅವನಿಗೆ ಓದಿ ಹೇಳುವವನು ನಾನೇ. ಈ ವಾರ ಓದುತ್ತೇನೆಯೇ?