ಮೂಲೆ ಕಡಿದ ಮನೆ

ನನ್ನ ಗಂಡ ಇಪ್ಪತ್ತು ವರ್ಷಕ್ಕೂ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದವರು. ಹಿಂದೆ ಒಂದಲ್ಲ, ಎರಡು ಟ್ರೇಲರ್. ಎರಡರಲ್ಲೂ ಆಳೆತ್ತರ ಮೀರಿ ಕಬ್ಬು. ಸೀಜನ್ ಶುರುವಾಯಿತೆಂದರೆ ಕೃಷ್ಣಾ ದಂಡೆಯ ಹೊಲಗಳಿಂದ ಕಾರ್ಖಾನೆಯವರೆಗೆ ಹಗಲೆಲ್ಲ ಅದೇ ತಿರುಗಾಟ. ಮನೆಗೆ ಬಂದು ಊಟಕ್ಕೆ ಕೂತರೆ ರೊಟ್ಟಿ ಬಾಯಿಗೆ ಹೋಗುವ ಮೊದಲು ಬೈಗುಳ ಹೊರಗೆ ಬರುತ್ತಿತ್ತು. "ಯಾವ ಕುರುಡ ಕಟ್ಯಾನೋ ಆ ಮೂಲಿ" ಎನ್ನುವುದು ಅವರ ಖಾಯಂ ಮಾತು. ಓಣಿ ತಿರುಗುವಲ್ಲಿ ಮನೆ ಕಟ್ಟಿದವರು ಕಟ್ಟೆ, ಮೆಟ್ಟಿಲು, ನೀರಿನ ಟಾಕಿ, ಕೊನೆಗೆ ತುಳಸಿಯನ್ನೂ ರಸ್ತೆಗೇ ತಂದಿಟ್ಟಿರುತ್ತಾರೆ. ಮುಂದಿನ ಗಾಲಿ ಹೇಗೋ ತಿರುಗುತ್ತದೆ. ಹಿಂದಿನ ಟ್ರೇಲರ್ ಮಾತ್ರ ಒಳಕ್ಕೆ ಎಳೆದುಕೊಂಡು ಬಂದು ಆ ಮೂಲೆಗೇ ತಾಗುತ್ತದೆ. ಒಮ್ಮೆ ಉಗಾರ ಬುದ್ರುಕದಲ್ಲಿ ಹೀಗೇ ಒಬ್ಬರ ಕಟ್ಟೆಯ ಅಂಚು ಒಡೆದು, ಆ ಮನೆಯವರು ಕೀಲಿ ಕಸಿದುಕೊಂಡು ಇವರನ್ನು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ನಿಲ್ಲಿಸಿದ್ದರಂತೆ. ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ದೇವರಿಗೇ ಗೊತ್ತು.

ನಾನು ಮನೆಯಲ್ಲೇ ಕೂತು ಜಂಪರ್ ಹೊಲಿಯುವವಳು. ಅಳತೆ ಬಿಟ್ಟು ಕತ್ತರಿ ಹಾಕಿದವಳಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತೆ ಇದ್ದಾಗ ಹೇಳುತ್ತಿದ್ದರು. ಅದನ್ನು ನಾನೂ ಅಲ್ಲಗಳೆಯುವುದಿಲ್ಲ.

ಕಾಗವಾಡದ ಕಡೆಯ ನಮ್ಮೂರ ಹೊರಗೆ ಒಬ್ಬರು ತಮ್ಮ ದ್ರಾಕ್ಷಿ ತೋಟ ತೆಗೆದು ಎನ್ಎ ಮಾಡಿಸಿ ಪ್ಲಾಟು ಹಾಕಿದರು. ಹೊಲವನ್ನು ಮನೆ ಕಟ್ಟುವ ಜಾಗ ಮಾಡಿಸುವುದಕ್ಕೆ ನಮ್ಮಲ್ಲಿ ಎಲ್ಲರೂ ಎನ್ಎ ಎಂದೇ ಅನ್ನುವುದು. ಅಲ್ಲಿ ನಮಗೊಂದು ಮೂಲೆ ಪ್ಲಾಟು ಸಿಕ್ಕಿತು. ಉತ್ತರಕ್ಕೆ ದೊಡ್ಡ ರಸ್ತೆ, ಪೂರ್ವಕ್ಕೆ ಒಳಗಿನ ಓಣಿ. ಎರಡೂ ಕೂಡುವುದು ಸರಿಯಾಗಿ ನಮ್ಮ ಈಶಾನ್ಯ ಮೂಲೆಗೆ. ಈಶಾನ್ಯಕ್ಕೆ ರಸ್ತೆ ಇರುವ ಪ್ಲಾಟೆಂದರೆ ನಮ್ಮ ಕಡೆ ಜನ ಮುಗಿಬೀಳುತ್ತಾರೆ. ಶೇಡಬಾಳದಲ್ಲಿರುವ ನನ್ನ ಭಾವ, ಅಂದರೆ ಗಂಡನ ಅಣ್ಣ, ಬಂದು ನೋಡಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಸಾಕ್ಷಾತ್ ಈಶ್ವರನ ಮೂಲಿ ಸಿಕ್ಕೈತಿ. ಪುಣ್ಯಾ ಮಾಡಿದ್ರಿ" ಎಂದರು. ಪ್ಲಾಟು ನನ್ನ ಹೆಸರಿನಲ್ಲಿ ಆಯಿತು.

ಕಂಪೌಂಡಿಗೂ ಮನೆಗೂ ಪರವಾನಗಿ ಕೇಳಲು ಊರ ಕಚೇರಿಗೆ ನಾನೇ ಹೋದೆ. ಗಂಡ ಸೀಜನ್ನಿನಲ್ಲಿದ್ದರು. ಅಲ್ಲಿಯ ಇಂಜಿನಿಯರ್ ಹುಡುಗಿ ಬಡಾವಣೆಯ ನಕ್ಷೆ ಹಾಸಿ ನಮ್ಮ ಪ್ಲಾಟಿನ ಮೇಲೆ ಬೆರಳಿಟ್ಟಳು. ಒಳಗಿನ ಪ್ಲಾಟುಗಳೆಲ್ಲ ಚೌಕ. ನಮ್ಮದಕ್ಕೆ ಈಶಾನ್ಯದಲ್ಲಿ ಮೂಲೆ ಇರಲಿಲ್ಲ. ಅದರ ಬದಲು ಒಂದು ಓರೆ ಗೆರೆ.

"ಎರಡ ರಸ್ತಾ ಕೂಡೋ ಕಡೆ ಮೂಲಿ ಕಡೀಬೇಕ್ರಿ ಅಕ್ಕಾರ. ಮೂಲಿಯಿಂದ ಎರಡೂ ಕಡೆ ಹತ್ತ ಹತ್ತ ಫೂಟ ಅಳದು ಓರೆಯಾಗಿ ಗ್ವಾಡಿ ಎಬ್ಬಸ್ರಿ. ಗಾಡಿ ತಿರಗಾಕ ಜಾಗಾ ಬೇಕಲ್ರಿ. ಇದು ನಿಯಮ" ಎಂದಳು.

ನನಗೆ ನಗು ಬಂತು. ಇದು ನನ್ನ ಗಂಡ ಇಪ್ಪತ್ತು ವರ್ಷ ಬೈಗುಳದಲ್ಲಿ ಹೇಳಿದ ಮಾತೇ ಆಗಿತ್ತು. ಅದನ್ನು ಸರ್ಕಾರ ಸಮಾಧಾನದಿಂದ ಬರೆದಿಟ್ಟಿತ್ತು, ಅಷ್ಟೆ. ಸಹಿ ಮಾಡಿ ನಕ್ಷೆ ತಂದು ಗಂಡನ ಕೈಗೆ ಕೊಟ್ಟೆ. ನೋಡಿ ತಲೆ ಆಡಿಸಿದರು, ಮಡಿಚಿ ದೇವರ ಜಗಲಿಯ ಮೇಲಿಟ್ಟರು. ಅವರಿಗಿಂತ ಚೆನ್ನಾಗಿ ಇದನ್ನು ತಿಳಿದವರು ಯಾರಿದ್ದಾರೆ ಎಂದುಕೊಂಡು ನಾನು ಮತ್ತೆ ಆ ಮಾತೆತ್ತಲಿಲ್ಲ. ಅದು ನನ್ನ ತಪ್ಪು.

ಪಾಯಾ ಪೂಜೆಯ ದಿನ ನಾನು ಹುಗ್ಗಿ ಮಾಡಿಕೊಂಡು ಪ್ಲಾಟಿಗೆ ಹೋಗುವಷ್ಟರಲ್ಲಿ ಭಾವ ಮುಂದೆ ನಿಂತು ಎಲ್ಲ ಮುಗಿಸಿದ್ದರು. ನಮ್ಮಲ್ಲಿ ಮೊದಲ ಕಲ್ಲು ಬೀಳುವುದೇ ಈಶಾನ್ಯದಲ್ಲಿ. ಅರಿಶಿನ ಕುಂಕುಮ ಮೆತ್ತಿದ ಕಲ್ಲು, ಒಡೆದ ಕಾಯಿ, ಸುತ್ತಿದ ಹಸಿರು ದಾರ ಎಲ್ಲ ಚೆಂದವೇ ಇತ್ತು. ಆದರೆ ಆ ಕಲ್ಲು ಕೂತದ್ದು ನಕ್ಷೆಯ ಓರೆ ಗೆರೆಯಿಂದ ಆಚೆ, ಚೌಕದ ತುಟ್ಟತುದಿಯಲ್ಲಿ. ಅಂದರೆ ರಸ್ತೆಯಲ್ಲಿ.

"ಭಾವಾರ, ಇದು ನಮ್ಮ ಜಾಗಾ ಅಲ್ರಿ. ಮೂಲಿ ಕಡೀಬೇಕಂತ ನಕ್ಷಾದಾಗ ಐತಿ" ಎಂದೆ.

ಭಾವ ಕೈ ಮುಗಿದುಕೊಂಡೇ ನನ್ನ ಕಡೆ ತಿರುಗಿದರು. "ಕೈ ಕಾಲ ಕಡದ್ರ ಮನಶಾ ಹೆಂಗ ಉಳೀತಾನು? ಈಶಾನ್ಯ ಕಡದ್ರ ಮನಿ ಯಜಮಾನಗ ಕೇಡು. ನಕ್ಷಾದಾಗ ಕಡದಾರಲ್ಲಾ, ಅಷ್ಟ ಸಾಕು. ನೆಲದ ಮ್ಯಾಲ ಯಾರ ಕಡೀತಾರ? ಊರಾಗ ಒಂದ ಮನಿ ತೋರಸವಾ ಮೂಲಿ ಕಡದದ್ದು."

ನಾನು ಗಂಡನ ಮುಖ ನೋಡಿದೆ. ಅವರು ಕಲ್ಲಿನ ಮುಖ ನೋಡುತ್ತಿದ್ದರು. "ಅಣ್ಣಾ ಹೇಳೂದೂ ಖರೇ ಐತಿ" ಎಂದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ನನ್ನ ಗಂಡನೇ ಒಂದು ದಿನ ಒದಗುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಹುಗ್ಗಿಯ ಪಾತೇಲಿ ಅಲ್ಲೇ ಇಟ್ಟು ಮನೆಗೆ ಬಂದೆ.

ಸುಳ್ಳು ಹೇಳಬಾರದು, ನನಗೂ ಹೆದರಿಕೆ ಆಗಿತ್ತು. ಯಜಮಾನನಿಗೆ ಕೇಡು ಎಂಬ ಮಾತು ಕಿವಿಯಲ್ಲೇ ಕೂತಿತ್ತು. ಎರಡು ಟ್ರೇಲರ್ ಎಳೆದುಕೊಂಡು ದಿನಾ ರಸ್ತೆಗೆ ಹೋಗುವವರು ಯಾರ ಗಂಡ? ನನ್ನ ಗಂಡ. ಬರುವುದು ಅರ್ಧ ತಾಸು ತಡವಾದರೂ ಹೊಲಿಗೆ ಬಿಟ್ಟು ಬಾಗಿಲಿಗೆ ಬರುವವಳು ನಾನು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಗೋಡೆ ಕಟ್ಟುವ ಗೌಂಡಿ ಕೂಡ, "ಮೊದಲ ನೀವ ನೀವ ಒಂದ ಮಾತಿಗೆ ಬರ್ರಿ, ಆಮ್ಯಾಲ ನನ್ನ ಕರೀರಿ" ಎಂದು ಕರಣಿ ತೊಳೆದಿಟ್ಟು ಹೋದ.

ಮೂರನೆಯ ದಿನ ಬಡಗಿ ಕಾಕಾ ಬಂದರು. ನಮ್ಮ ಪೂರ್ವದ ಓಣಿಯ ಕಟ್ಟಕಡೆಯ ಪ್ಲಾಟು ಅವರದು. ಮುಂದೆ ಹಳ್ಳ, ಬೇರೆ ದಾರಿಯಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಅಂಗಡಿ ಬಿಟ್ಟು, ಮನೆಯ ಮುಂದೆಯೇ ಶೆಡ್ಡು ಹಾಕಿ ಕಟ್ಟಿಗೆ ಕೊಯ್ಯುವ ಯಂತ್ರ ಕೂರಿಸಿದ್ದರು. ಹುಸೇನಿ ಪೀರನ ಹೆಸರೆತ್ತದೆ ಉಳಿ ಹಿಡಿಯದ ಮನುಷ್ಯ, ಮಾತು ಬಹಳ ಕಡಿಮೆ. ನಮ್ಮ ಬಾಗಿಲ ಚೌಕಟ್ಟಿನ ಅಳತೆ ಕೇಳಲು ಬಂದಿದ್ದರು. ಅಳತೆ ಬರೆದುಕೊಂಡ ಮೇಲೂ ಹೋಗಲಿಲ್ಲ, ಪೆನ್ಸಿಲ್ಲನ್ನು ಕಿವಿಗೆ ಸಿಗಿಸಿ ತೆಗೆದು ಮಾಡುತ್ತಿದ್ದರು.

"ಯಾಕ ಕಾಕಾ, ಏನ ಹೇಳಬೇಕಾಗಿತ್ತು?" ಎಂದೆ.

"ಏನಿಲ್ಲವಾ. ನಿಮ್ಮ ಮೂಲಿ ಚೌಕ ಬರ್ತೈತಿ ಅಂದ್ರು. ಎದರ ಮನಿಯವರ ಕಟ್ಟಿ ಆಗಲೇ ರಸ್ತಾಕ್ಕ ಬಂದೈತಿ. ಆ ಕಡೆ ಹೊಳ್ಳಾಕ ಬರೂದಿಲ್ಲ, ಈ ಕಡಿನೂ ಬರದಿದ್ರ ನನ್ನ ದಿಮ್ಮಿ ಟ್ರ್ಯಾಕ್ಟರ್ ಒಳಗ ಬರೂದಿಲ್ಲ. ಶೆಡ್ಡ ತಗದು ಮತ್ತ ಬಸ್‌ಸ್ಟ್ಯಾಂಡ ಕಡೆ ಹೋಗಬೇಕಾಕ್ಕೈತಿ." ಪೆನ್ಸಿಲ್ಲನ್ನು ಜೇಬಿಗೆ ಹಾಕಿ, "ನಿಮ್ಮ ಮನಿ ಅದವಾ. ನಿಮ್ಮ ಮೂಲಿ. ನಾ ಹೆಂಗ ಬ್ಯಾಡ ಅನ್ಲಿ?" ಎಂದರು.

ಜಗಳಾಡಿದ್ದರೆ ನಾನೂ ಜಗಳಾಡುತ್ತಿದ್ದೆ. ಅವರು ಹಾಗೆ ಹೇಳಿ ಚಪ್ಪಲಿ ಮೆಟ್ಟಿದ್ದು ನನಗೆ ಚುಚ್ಚಿತು. ನಮ್ಮ ಬಾಗಿಲು ಮಾಡುವ ಮನುಷ್ಯನ ದಾರಿಯನ್ನು ನಾವು ಮುಚ್ಚುತ್ತಿದ್ದೆವು. ಅಂದೇ ನಿಶ್ಚಯ ಮಾಡಿದೆ. ಮೂಲೆ ಕಡಿದೇ ಸೈ, ಗಂಡನ ಕೈಯಿಂದಲೇ ಕಡಿಸುವುದು.

ಊಟಕ್ಕೆ ಬಡಿಸುತ್ತಾ ಕೇಳಿದೆ. "ಆ ಮೂಲ್ಯಾಗ ದಿನಾ ಹತ್ತ ಮಂದಿ ಡ್ರೈವರಗೋಳು ನಿಮ್ಮಂಗ ಬೈತಾರು. ಅವರ ಬೈಗಳ ಹತ್ತೂದಿಲ್ಲೇನ್ರಿ ಯಜಮಾನಗ?"

ಅವರು ರೊಟ್ಟಿ ಮುರಿದರು. ಆಮೇಲೆ, "ಎರಡ ಟ್ರೇಲರ್ ತಿರಗಸಾಕ ಕೈ ಬೇಕು. ಕೈ ಇದ್ದಾಂವಗ ಯಾವ ಮೂಲಿ ಏನ ಮಾಡ್ತೈತಿ" ಎಂದು ಗೊಣಗಿದರು.

"ನಿಮಗಂತೂ ಕೈ ಐತಲ್ರಿ. ನಾಳಿ ಕಾಕಾನ ದಿಮ್ಮಿ ನೀವ ತಂದ ಹಾಕ್ರಿ ಹಂಗಾದ್ರ."

ಅದು ಅವರಿಗೆ ನಾಟಿತು. "ತರ್ತೇನಿ, ಅದೇನ ದೊಡ್ಡ ಮಾತು" ಎಂದರು.

ಮರುದಿನ ಬೆಳಿಗ್ಗೆ ಗೌಂಡಿಯನ್ನು ಕರೆಸಿದೆ. ಪೂಜೆಯ ಕಲ್ಲಿನಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ದಾರ ಹಿಡಿಸಿ, ಆ ದಾರದ ಮೇಲೆ ಇಟ್ಟಿಗೆಗಳನ್ನು ಎದೆಯೆತ್ತರ ಹಾಗೇ ಪೇರಿಸಿದೆವು, ಸಿಮೆಂಟಿಲ್ಲದೆ. ಭಾವ ಬೇಕೆಂದ ಗೋಡೆ ಹೇಗೆ ನಿಲ್ಲುತ್ತದೋ ಹಾಗೇ. ನಾನೂ ಸೆರಗು ಸಿಕ್ಕಿಸಿ ಇಟ್ಟಿಗೆ ಹೊತ್ತೆ. ಗೌಂಡಿ, "ಇದೇನ ಆಟಾ ಹೂಡೀರಿ ಅಕ್ಕಾರ" ಎಂದು ನಗುತ್ತಲೇ ಪೇರಿಸಿದ. ಭಾವ ಬಂದು ಸಾಲು ನೋಡಿ ನಾನು ದಾರಿಗೆ ಬಂದೆನೆಂದು ತಿಳಿದು ಬಹಳ ಸಂತೋಷಪಟ್ಟರು. ನಾನು ಗೌಂಡಿಗೆ ಇನ್ನೊಂದು ಇಟ್ಟಿಗೆ ಕೊಟ್ಟೆ.

ಊಟದ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಎರಡೂ ಟ್ರೇಲರಿನಲ್ಲಿ ಬೇವಿನ, ಸಾಗವಾನಿಯ ದಿಮ್ಮಿಗಳು. ಕಾಕಾ ಓಣಿಯ ಒಳಗೆ ನಿಂತಿದ್ದರು. ಎದುರು ಮನೆಯವರು ತಮ್ಮ ಕಟ್ಟೆಯ ಮೇಲೆ ಬಂದು ಕೂತರು. ಗಂಡ ಇಟ್ಟಿಗೆ ಸಾಲನ್ನು ನೋಡಿದರು, ನನ್ನನ್ನು ನೋಡಿದರು, ಓಣಿಗೆ ತಿರುಗಿಸಿದರು.

ಮೊದಲ ಸಲ ಮುಂದಿನ ಗಾಲಿ ಎದುರಿನ ಕಟ್ಟೆಗೆ ಗೇಣಂತರದಲ್ಲಿ ನಿಂತಿತು. ಹಿಂದಕ್ಕೆ ತೆಗೆದರು. ಎರಡು ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ತೆಗೆಯುವುದೆಂದರೆ ಹಟಮಾರಿ ಎಮ್ಮೆಯನ್ನು ಹಿಮ್ಮುಖವಾಗಿ ನಡೆಸಿದಂತೆ. ಎರಡನೆಯ ಸಲ ಮೊದಲ ಟ್ರೇಲರ್ ದಾಟಿತು, ಎರಡನೆಯದು ಇಟ್ಟಿಗೆಯ ಕಡೆಗೇ ಬಂತು. ಮತ್ತೆ ಹಿಂದಕ್ಕೆ. ಅವರ ಅಂಗಿ ಬೆನ್ನಿಗೆ ಅಂಟಿತ್ತು. ನನಗೆ ಪಾಪ ಅನಿಸಿತು, ಸಾಕು ಬಿಡ್ರಿ ಎನ್ನಲು ಬಾಯಿ ತೆರೆದವಳು ಹಲ್ಲು ಕಚ್ಚಿ ಸುಮ್ಮನಾದೆ. ಮೂರನೆಯ ಸಲ ಹಿಂದಿನ ಟ್ರೇಲರಿನ ಗಾಲಿ ಸಾಲಿಗೆ ಒತ್ತಿತು, ಇಟ್ಟಿಗೆಗಳು ದಡದಡ ಉರುಳಿದವು. ಗಂಡ ಸ್ಟೇರಿಂಗಿನ ಮೇಲೆ ಕೈ ಅಪ್ಪಳಿಸಿದರು. ಇಪ್ಪತ್ತು ವರ್ಷದ ರೂಢಿ, ಬಾಯಿ ತಾನಾಗಿಯೇ ಆಡಿತು.

"ಯಾವ ಕುರುಡ ಕಟ್ಯಾನೋ ಈ ಮೂಲಿ."

ಎಲ್ಲರಿಗೂ ಕೇಳಿಸಿತು. ಇಂಜಿನ್ ಗುರುಗುಡುತ್ತಿತ್ತು. ಯಾರೂ ನಗಲಿಲ್ಲ. ಗಂಡ ಇಂಜಿನ್ ಬಂದ್ ಮಾಡಿ ಇಳಿದು ಬಂದು, ಉರುಳಿದ ಇಟ್ಟಿಗೆಗಳ ನಡುವೆ ಆ ಅರಿಶಿನದ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಹಾರಿ ಕೊಡ" ಎಂದರು ನನಗೆ.

ಭಾವ ಓಡಿ ಬಂದು ಕೈ ಹಿಡಿದರು. "ತಮ್ಮಾ, ಪೂಜಿ ಆದ ಕಲ್ಲು. ಕಿತ್ತರ ಕೇಡು. ನೀ ರಸ್ತಾದಾಗ ತಿರಗೋ ಮನಶಾ."

"ರಸ್ತಾದಾಗ ತಿರಗೋ ಮನಶಾ ಅಂತನ ಕೀಳಾಕತ್ತೇನಿ, ಅಣ್ಣಾ" ಎಂದರು ಗಂಡ. ಹಾರೆಯನ್ನು ಕಲ್ಲಿನ ಬುಡಕ್ಕೆ ಸೇರಿಸಿ ಒಂದೇ ಸಲ ಮೀಟಿದರು. ಕಾಕಾ ಬಂದು ಇನ್ನೊಂದು ಬದಿ ಹಿಡಿದರು. ಇಬ್ಬರೂ ಆ ಕಲ್ಲನ್ನು ಎತ್ತಿ ತಂದು, ನಾನು ನಕ್ಷೆ ಬಿಚ್ಚಿ ತೋರಿಸಿದ ಓರೆ ಗೆರೆಯ ಒಳಗೆ ಇಳಿಸಿದರು. ನಾನು ಅದಕ್ಕೆ ಮತ್ತೊಮ್ಮೆ ಕುಂಕುಮ ಹಚ್ಚಿದೆ. ದೇವರೇ, ತಪ್ಪಿದ್ದರೆ ನನ್ನ ತಲೆಗೆ ಬರಲಿ, ಅವರಿಗೆ ಬೇಡ ಎಂದುಕೊಂಡೆ. ಇಟ್ಟಿಗೆ ಬದಿಗೆ ಸರಿಸಿದ ಮೇಲೆ ಟ್ರ್ಯಾಕ್ಟರ್ ಒಂದೇ ತಿರುವಿನಲ್ಲಿ ಓಣಿಯೊಳಗೆ ಹೋಯಿತು.

ಭಾವ ಗೃಹಪ್ರವೇಶಕ್ಕೆ ಬಂದರು, ಉಂಡರು, ಓರೆ ಗೋಡೆಯ ಕಡೆ ಮಾತ್ರ ನೋಡಲಿಲ್ಲ. ಎರಡು ವರ್ಷದ ಮೇಲೆ ಗಂಡ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ಓಡಿ ಬಂದು, "ನಾ ಹೇಳಿರಲಿಲ್ಲೇನು" ಎಂದರು. "ಬಚ್ಚಲ ದಕ್ಷಿಣಕ್ಕೈತ್ರಿ ಭಾವಾರ" ಎಂದೆ. ಹಾಗಂದರೂ ಒಳಗೊಳಗೆ ನಾನು ನಡುಗಿದ್ದು ನಿಜ. ಕಾಲು ಕೂಡಿಕೊಂಡಿತು. ಟ್ರ್ಯಾಕ್ಟರ್ ಹತ್ತುವುದು ಮಾತ್ರ ಅಲ್ಲಿಗೇ ನಿಂತಿತು. ಈಗ ಊರಲ್ಲಿ ಯಾರನ್ನು ಕೇಳಿದರೂ "ಮೂಲಿ ಕಡದವರ ಮನಿ" ಎಂದರೆ ನಮ್ಮ ಮನೆ ತೋರಿಸುತ್ತಾರೆ. ಕೆಲವರು ನಕ್ಕು ತೋರಿಸುತ್ತಾರೆ. ನಗಲಿ.

ಮೊನ್ನೆ ಸಂಜೆ ಇಬ್ಬರೂ ಕಂಪೌಂಡಿನ ಒಳಗೆ ಓರೆ ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದೆವು. ಓಣಿಯ ಒಳಗಿನಿಂದ ಕಾಕಾನ ಯಂತ್ರದ ಸದ್ದು ಬರುತ್ತಿತ್ತು. ಯಾವುದೋ ಹೊಸ ಡ್ರೈವರ್, ಈ ಕಡೆಯವನಲ್ಲ, ಎರಡು ಟ್ರೇಲರ್ ದಿಮ್ಮಿ ತುಂಬಿಕೊಂಡು ಬಂದ. ಗಂಡ ಕಪ್ಪು ಕೆಳಗಿಟ್ಟು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮುಂದಿನ ಗಾಲಿ ಹೊರಳಿತು, ಮೊದಲ ಟ್ರೇಲರ್ ಬಂತು, ಎರಡನೆಯದೂ ನಮ್ಮ ಗೋಡೆಯ ಪಕ್ಕದಲ್ಲೇ ಬಂತು, ದಾಟಿತು. ಆ ಡ್ರೈವರ್ ಮೊಬೈಲಿನ ಹಾಡು ಕೇಳುತ್ತಾ ಹೋಗಿಬಿಟ್ಟ.

"ನಮ್ಮ ಮನಿ ಕಡೆ ಹೊಳ್ಳಿ ಸೈತ ನೋಡ್ಲಿಲ್ಲ ನೋಡ ಅಂವ" ಎಂದರು ಗಂಡ.

"ನೋಡಬಾರದಂತನ ಅಲ್ಲೇನ್ರಿ ಕಡದದ್ದು" ಎಂದೆ.

ಅವರು ಕಪ್ಪು ಎತ್ತಿಕೊಂಡರು. ಚಹಾ ಆರಿಹೋಗಿತ್ತು, ಆದರೂ ಕುಡಿದರು.